ಕೆಣಕಿದವನಿಗೆ ಏನೂ ಇಲ್ಲ, ಹೊಡೆದವನಿಗೆ ಐದು ಪಂದ್ಯ ನಿಷೇಧ. ಇದು ಅನ್ಯಾಯ ಅಲ್ವಾ?

ನಿಮ್ಮ ಪ್ರಶ್ನೆ ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಟೊರಾಂಟೊದ ಮಾರ್ಗನ್ ರೈಲಿಗೆ 5 ಪಂದ್ಯ ನಿಷೇಧ, ಅವನನ್ನು ಕೆಣಕಿದ ಒಟ್ಟಾವಾದ ರಿಡ್ಲಿ ಗ್ರೆಗ್‌ಗೆ ಏನೂ ಇಲ್ಲ, ಇದು ಯಾವ ನ್ಯಾಯ ಅಂತ ಕೇಳಿದ್ದೀರಿ. ಪುಣೆಯ ನಿಮ್ಮ ಕಂಪನಿ ಹಾಕಿ ಲೀಗ್‌ನಲ್ಲೂ ಹೋದ ಭಾನುವಾರ ಒಬ್ಬ ಗೋಲು ಹೊಡೆದು ನಿಮ್ಮ ಮುಂದೆ ಕುಣಿದ. ಬರುವ ಭಾನುವಾರ ಮತ್ತೆ ಅವನೇ ಎದುರು. ಬಿಡಬೇಕಾ, ದೂರು ಕೊಡಬೇಕಾ, ಇಲ್ಲಾ ಒಂದು ಕೊಡಬೇಕಾ ಅಂತ ನಿಮ್ಮ ಪ್ರಶ್ನೆ.

ನಾನು ಒಂದು ಕೊಟ್ಟವನು. 2011ರಲ್ಲಿ, ಮುಂಬೈನಲ್ಲಿ.

ನಾನು ಹುಬ್ಬಳ್ಳಿಯವನು. ಆಗ 23 ವರ್ಷ. ಡೊಂಬಿವಲಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ಒಂದು ರೂಮು, ಒಂದು ಕಿಚನ್, ಆರು ಜನ. ನನ್ನ ಹಾಕಿ ಬ್ಯಾಗ್ ಮಲಗುವುದು ಬಾಗಿಲ ಹಿಂದೆ, ನಾನು ಮಲಗುವುದು ಫ್ರಿಜ್ ಮುಂದೆ. ಒಂದು ದೊಡ್ಡ ಕಚೇರಿಯ ಟೀಮಿಗೆ ಸ್ಟೈಪೆಂಡ್ ಮೇಲೆ ಆಡುತ್ತಿದ್ದೆ, ತಿಂಗಳಿಗೆ ನಾಲ್ಕೂವರೆ ಸಾವಿರ. ಸೀಸನ್ ಮುಗಿದ ಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ಇಬ್ಬರಿಗೆ ಪರ್ಮನೆಂಟ್ ನೌಕರಿ. ಸ್ಟೈಪೆಂಡ್ ಹುಡುಗರು ಐದು ಜನ ಇದ್ದೆವು. ಕೋಚ್ ನನ್ನ ಹೆಸರು ಮೇಲಿದೆ ಅಂತ ಹೇಳಿದ್ದರು. ಅವ್ವ ಪ್ರತಿ ಭಾನುವಾರ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದಳು, "ಪರ್ಮನೆಂಟ್ ಆತೇನಪಾ?"

ಚರ್ಚ್‌ಗೇಟ್ ಹತ್ತಿರದ ಟರ್ಫ್. ಲೀಗ್ ಪಂದ್ಯ. ನಾವು 1-2 ಹಿಂದಿದ್ದೆವು, ನಾಲ್ಕು ನಿಮಿಷ ಉಳಿದಿತ್ತು. ಕೋಚ್ ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಅವನ ಬದಲು ಒಬ್ಬ ಫಾರ್ವರ್ಡ್‌ನನ್ನು ಇಳಿಸಿದರು. ನಮ್ಮ ಗೋಲು ಖಾಲಿ. ನಾನು ರೈಟ್ ಬ್ಯಾಕ್. ಬಾಲ್ ನನ್ನ ಹತ್ತಿರ ಬಂತು. ಸೈಡ್‌ಲೈನ್ ಗುಂಟ ಮುಂದಕ್ಕೆ ಹೊಡೆದಿದ್ದರೆ ಮುಗೀತಿತ್ತು. ನಾನು ಅಡ್ಡ ಪಾಸ್ ಕೊಟ್ಟೆ, ಅದೂ ನಮ್ಮದೇ ಗೋಲಿನ ಮುಂದೆ. ಹಾಕಿ ಹಿಡಿದ ಮೊದಲ ವಾರದಲ್ಲೇ ಇದನ್ನು ಮಾಡಬೇಡ ಅಂತ ಹೇಳಿಕೊಡ್ತಾರೆ.

ಅವರ ಫಾರ್ವರ್ಡ್ ನಡುವೆ ಬಂದು ಬಾಲ್ ಕಸಿದ. ಮುಂದೆ ಯಾರೂ ಇಲ್ಲ. ಓಡಿದ, ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಬಂದ, ಗೋಲ್ ಲೈನ್ ತನಕ ಬಂದ, ಅಲ್ಲಿ ಬಾಲ್ ನಿಲ್ಲಿಸಿದ. ತಿರುಗಿ ನನ್ನನ್ನು ನೋಡಿದ. ನಾನು ಇನ್ನೂ ಹದಿನೈದು ಹೆಜ್ಜೆ ದೂರ, ಬಾಯಲ್ಲಿ ಜೀವ ಹಿಡಿದು ಓಡುತ್ತಿದ್ದೆ. ಅವನು ಒಂದು ಮೊಣಕಾಲು ಊರಿ ಕೂತ. ಸ್ಟಿಕ್ ಹಿಡಿಕೆ ಮೇಲೆ ಗದ್ದ ಇಟ್ಟ. ಬಸ್ ಕಾಯುವವನ ಹಾಗೆ. ನಾನು ಇನ್ನೇನು ಎರಡು ಹೆಜ್ಜೆ ಅನ್ನುವಾಗ ಎದ್ದು, ಬಾಲನ್ನು ಮೆಲ್ಲಗೆ ಒಳಗೆ ತಳ್ಳಿದ. ವಾಪಸ್ ಹೋಗುವಾಗ ನನ್ನ ಬೆನ್ನು ತಟ್ಟಿ, "ಥ್ಯಾಂಕ್ಯೂ ಭಾವೂ" ಅಂದ. ಪಾಸ್ ಕೊಟ್ಟಿದ್ದಕ್ಕೆ.

ಸ್ಟ್ಯಾಂಡಿನಲ್ಲಿ ನಕ್ಕರು. ನಮ್ಮ ಬೆಂಚಿನಲ್ಲೂ ಒಬ್ಬ ನಕ್ಕ, ಅದು ನನಗೆ ಕೇಳಿಸಿತು.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನು ಸ್ವಲ್ಪ ಜಾಸ್ತಿ ಹೇಳ್ತೀನಿ, ಸಹಿಸಿಕೊಳ್ಳಿ.

ಹೊಡೆದದ್ದೇ ತಪ್ಪು ಅಂತ ಎಲ್ಲರೂ ಹೇಳಿದರು. ಹೌದು, ತಪ್ಪೇ. ಆದರೆ ನನ್ನನ್ನು ಮುಳುಗಿಸಿದ್ದು ಅದಕ್ಕಿಂತ ಅರ್ಧ ಸೆಕೆಂಡ್ ಮುಂಚಿನದು. ಗೋಲಾದ ಕೂಡಲೇ ನಾನು ಹೊಡೆಯಲಿಲ್ಲ. ನಡೆದುಕೊಂಡು ನನ್ನ ಜಾಗಕ್ಕೆ ಬಂದೆ. ಆಟ ಮತ್ತೆ ಶುರುವಾಯಿತು. ಬಾಲ್ ಆಚೆ ಎಡ ಮೂಲೆಗೆ ಹೋಯಿತು, ಎಲ್ಲರ ಕಣ್ಣೂ ಅಲ್ಲಿ. ಅವನು ನನ್ನ ಪಕ್ಕದಲ್ಲೇ ನಿಂತಿದ್ದ, ಸ್ಟಿಕ್ ಸಡಿಲವಾಗಿ ಹಿಡಿದುಕೊಂಡು. ಆಗ ನಾನು ಕತ್ತು ತಿರುಗಿಸಿ ಅಂಪೈರ್ ಎಲ್ಲಿದ್ದಾರೆ ಅಂತ ನೋಡಿದೆ. ಅವರ ಬೆನ್ನು ಕಂಡಿತು. ಆಮೇಲೆ ಹೊಡೆದೆ.

ಆ ಒಂದು ನೋಟ. ಅದನ್ನು ನಾನು ಸಾವಿರ ಸಲ ನೆನೆಸಿಕೊಂಡಿದ್ದೇನೆ. ನೋಡದೇ ಹೊಡೆದಿದ್ದರೆ ಅದು ಸಿಟ್ಟು. ಸಿಟ್ಟಿಗೆ ಜನ ಅಷ್ಟೋ ಇಷ್ಟೋ ಕ್ಷಮೆ ಕೊಡ್ತಾರೆ, "ಹುಡುಗ, ರಕ್ತ ಬಿಸಿ" ಅಂತಾರೆ. ನೋಡಿ ಹೊಡೆದರೆ ಅದು ಲೆಕ್ಕ. ನನ್ನ ತಲೆ ಅಷ್ಟು ತಣ್ಣಗಿತ್ತು ಅಂದ್ರೆ, ಸಿಕ್ಕಿಬೀಳ್ತೀನಾ ಇಲ್ವಾ ಅಂತ ಯೋಚಿಸುವಷ್ಟು ತಣ್ಣಗಿತ್ತು. ಅಷ್ಟು ಯೋಚಿಸಲು ಬಂದವನಿಗೆ ನೌಕರಿ ಬಗ್ಗೆ ಯೋಚಿಸಲು ಬರಲಿಲ್ವಾ? ಅವ್ವನ ಬಗ್ಗೆ? ಬರಲಿಲ್ಲ. ಅಂಪೈರ್ ಬೆನ್ನೊಂದೇ ಲೆಕ್ಕಕ್ಕೆ ಬಂತು. ಅದೂ ಸರಿಯಾದ ಲೆಕ್ಕ ಅಲ್ಲ, ಯಾಕೆಂದರೆ ಹಾಕಿಯಲ್ಲಿ ಅಂಪೈರ್ ಇಬ್ಬರು. ಮೈದಾನದ ಒಂದು ಅರ್ಧ ಒಬ್ಬರಿಗೆ, ಇನ್ನೊಂದು ಇನ್ನೊಬ್ಬರಿಗೆ. ಹತ್ತು ವರ್ಷ ಆಡಿದ ಆಟ. ಒಬ್ಬರನ್ನು ನೋಡಿದೆ, ಇನ್ನೊಬ್ಬರನ್ನು ಮರೆತೆ.

ಸ್ಟಿಕ್‌ನ ತುದಿ ಅವನ ಎಡಗೈ ಬೆರಳುಗಳಿಗೆ ಬಿತ್ತು. ಒಣ ಕಬ್ಬಿನ ಗಣಿಕೆ ಮುರಿದ ಹಾಗೆ ಸಣ್ಣ ಸದ್ದು. ಅವನು ಕಿರುಚಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ಕೂತು, ನನ್ನ ಮುಖ ನೋಡಿ, "ಎಂತ ಮಾರಾಯ" ಅಂದ.

ಇಡೀ ಪಂದ್ಯ ಹಿಂದಿ, ಮರಾಠಿ ಆಡಿದವನು ನೋವಾದಾಗ ಕನ್ನಡದಲ್ಲಿ ಮಾತಾಡಿದ. ನಾನು ಅಲ್ಲೇ ಕಲ್ಲಾದೆ. ಆಚೆಯಿಂದ ಇನ್ನೊಬ್ಬ ಅಂಪೈರ್ ಸೀಟಿ ಊದುತ್ತಾ ಬಂದರು. ಹಸಿರು ಕಾರ್ಡ್ ಆದರೆ 2 ನಿಮಿಷ ಹೊರಗೆ, ಹಳದಿ ಆದರೆ ಕನಿಷ್ಠ 5. ಕೆಂಪು ಆದರೆ ಪಂದ್ಯದಲ್ಲಿ ನಿಮ್ಮ ಕೆಲಸ ಮುಗೀತು. ಅವರ ಕೈ ಕೆಂಪು ಕಾರ್ಡ್ ಇದ್ದ ಕಿಸೆಗೇ ಹೋಯಿತು. ಅವನ ಎರಡು ಬೆರಳು ಮುರಿದಿದ್ದವು.

ಒಂಬತ್ತು ದಿನ ಬಿಟ್ಟು ಶಿಸ್ತು ಸಮಿತಿ. ಮೂರು ಜನ, ಒಂದು ಮೇಜು, ಅರ್ಧ ಕುಡಿದ ಚಹಾ ಲೋಟಗಳು. ಯಾರೋ ಆಟಗಾರನ ಅಪ್ಪ ಸ್ಟ್ಯಾಂಡಿನಿಂದ ಫೋನಿನಲ್ಲಿ ಪಂದ್ಯ ಹಿಡಿದಿದ್ದರು. ನಾನು ನನ್ನ ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ: ಅವನು ಹೀಗೆ ಕೂತ, ಹೀಗೆ ಬೆನ್ನು ತಟ್ಟಿದ, ನನಗೆ ಅವಮಾನ ಆಯ್ತು. ಎಲ್ಲ ಕೇಳಿದರು. ಒಬ್ಬರು ತಲೆಯನ್ನೂ ಆಡಿಸಿದರು. ಆಮೇಲೆ ಫೋನ್ ನನ್ನ ಮುಂದಿಟ್ಟು, ಒಂದು ಕಡೆ ನಿಲ್ಲಿಸಿ ಕೇಳಿದರು, "ಇಲ್ಲಿ ಆ ಕಡೆ ಏನು ನೋಡ್ತಾ ಇದ್ದೆ?"

"ಸ್ಕೋರ್ ಬೋರ್ಡ್" ಅಂದೆ.

ಸ್ಕೋರ್ ಬೋರ್ಡ್ ಇದ್ದದ್ದು ಈ ಕಡೆ.

ಆರು ತಿಂಗಳು ನಿಷೇಧ. ಎರಡನೇ ತಿಂಗಳಲ್ಲೇ ಪರ್ಮನೆಂಟ್ ಲಿಸ್ಟ್ ಬಂತು. ನನ್ನ ಹೆಸರಿನ ಜಾಗದಲ್ಲಿ ಬೆಂಚಿನಲ್ಲಿ ನಕ್ಕವನ ಹೆಸರಿತ್ತು. ಅವನಿಗೆ ಈಗ ಆಫೀಸಿನ ಕ್ವಾರ್ಟರ್ಸ್ ಇದೆ, ಮಗಳು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗ್ತಾಳೆ. ಒಳ್ಳೆಯ ಹುಡುಗ, ಅವನ ಮೇಲೆ ಏನೂ ಇಲ್ಲ. (ಸ್ವಲ್ಪ ಇದೆ.)

ನಾನು ಪುಣೆಗೆ ಬಂದೆ, ಹಿಂಜೇವಾಡಿಯಲ್ಲಿ ರಾತ್ರಿ ಪಾಳಿ ಹಿಡಿದೆ. ನಮ್ಮ ಕ್ಲೈಂಟ್ ಟೊರಾಂಟೊದವರು. ಐಸ್ ಹಾಕಿ ನನಗೆ ಹತ್ತಿದ್ದು ಅವರಿಂದಲೇ. ಹಾಗಾಗಿ ರೈಲಿ ವಿಷಯ ನಾನು ನಿಮ್ಮ ಹಾಗೆ ಮೊಬೈಲಿನಲ್ಲಿ ಓದಿದ್ದಲ್ಲ, ಅವರ ಬಾಯಿಂದ ಬಿಸಿಬಿಸಿ ಕೇಳಿದ್ದು. ಪಂದ್ಯ ನಡೆದದ್ದು 2024ರ ಫೆಬ್ರವರಿ 10, ಶನಿವಾರ. ಸೋಮವಾರದ ಕಾಲ್‌ನಲ್ಲಿ ಮೊದಲ ಇಪ್ಪತ್ತು ನಿಮಿಷ ಯಾರೂ ಕೆಲಸದ ಮಾತೇ ಎತ್ತಲಿಲ್ಲ. ಕೊನೆಯ ಕೆಲವು ಸೆಕೆಂಡು, ಟೊರಾಂಟೊ ಒಂದು ಗೋಲು ಹಿಂದೆ, ಗೋಲ್‌ಕೀಪರ್‌ನನ್ನು ಹೊರಗೆ ಕರೆದಿದ್ದಾರೆ. ಗ್ರೆಗ್ ಒಬ್ಬನೇ ಪಕ್ (ಅಲ್ಲಿ ಬಾಲ್ ಬದಲು ಇರುವ ಚಪ್ಪಟೆ ಬಿಲ್ಲೆ) ತಗೊಂಡು ಖಾಲಿ ಗೋಲಿನ ಮುಂದೆ ಬಂದ. ಮೆಲ್ಲಗೆ ತಳ್ಳಿದರೆ ಸಾಕಿತ್ತು. ಅವನು ಸ್ಟಿಕ್ ಹಿಂದಕ್ಕೆ ಎತ್ತಿ ಪೂರ್ತಿ ಬಲದ ಸ್ಲ್ಯಾಪ್ ಶಾಟ್ ಬಾರಿಸಿದ. ಒಟ್ಟಾವಾ 5-3. ರೈಲಿ ಹಿಂದಿನಿಂದ ಬಂದು, ಎರಡೂ ಕೈಯಲ್ಲಿ ಸ್ಟಿಕ್ ಅಡ್ಡ ಹಿಡಿದು ಅವನ ತಲೆಗೆ ಇಕ್ಕಿದ. ಅದಕ್ಕೆ ಕ್ರಾಸ್ ಚೆಕ್ ಅಂತಾರೆ.

ನಮ್ಮ ಕ್ಲೈಂಟ್ ಕಡೆಯ ಒಬ್ಬ ಹಿರಿಯ, ರೈಲಿ ಮಾಡಿದ್ದೇ ಸರಿ ಅಂತ ವಾದಿಸುತ್ತಿದ್ದ. ನಾನು ಒಂದೇ ಪ್ರಶ್ನೆ ಕೇಳಿದೆ, "ಹೊಡೆಯುವ ಮುಂಚೆ ಅವನು ರೆಫ್ರಿ ಕಡೆ ನೋಡಿದ್ನಾ?"

ಕಾಲ್‌ನಲ್ಲಿ ಎಲ್ಲರೂ ಸುಮ್ಮನಾದರು. ಯಾರಿಗೂ ಪ್ರಶ್ನೆ ಅರ್ಥ ಆಗಲಿಲ್ಲ ಅನ್ಸುತ್ತೆ.

ಆಮೇಲೆ ನಾನೇ ವಿಡಿಯೋ ನೋಡಿದೆ. ರೈಲಿ ರೆಫ್ರಿ ಕಡೆ ನೋಡಿರಲಿಲ್ಲ. ನೇರ ಗ್ರೆಗ್ ಮೇಲೇ ಹೋಗಿದ್ದ. ಆದರೂ 5 ಪಂದ್ಯ ಬಿತ್ತು. ಅದಕ್ಕೂ ಮುಂಚೆ ಅವನಿಗೆ ಒಂದೇ ಒಂದು ನಿಷೇಧ ಇರಲಿಲ್ಲ. ಲೀಗ್ ಕಮಿಷನರ್ ಗ್ಯಾರಿ ಬೆಟ್‌ಮನ್ ಹತ್ತಿರ ಮೇಲ್ಮನವಿ ಹೋಯಿತು, ಅವರೂ ಐದೇ ಇರಲಿ ಅಂದರು. ನಿಷೇಧದ ದಿನಗಳಿಗೆ ಸಂಬಳ ಇಲ್ಲ, ಸುಮಾರು 1.95 ಲಕ್ಷ ಡಾಲರ್ ಹೋಯಿತು. ಇನ್ನೊಂದು ತಮಾಷೆ ಕೇಳಿ. ಅವನಿಲ್ಲದ ಆ ಐದೂ ಪಂದ್ಯ ಟೊರಾಂಟೊ ಗೆದ್ದಿತು. ಮಾನ ಕಾಪಾಡಲು ಹೋದವನು ಬೆಂಚಿನ ಮೇಲೂ ಇಲ್ಲ, ಮನೆ ಸೋಫಾದಲ್ಲಿ ಕೂತು ಟೀಮ್ ಗೆಲ್ಲುವುದನ್ನು ನೋಡಬೇಕು.

"ಐಸ್ ಹಾಕಿಯಲ್ಲಿ ಒಂದು ಅಲಿಖಿತ ನಿಯಮ ಇದೆ, ಅಲ್ಲಿ ಲೆಕ್ಕ ಚುಕ್ತಾ ಮಾಡಲು ಬಿಡ್ತಾರೆ" ಅಂತ ಬರೆದಿದ್ದೀರಿ. ಅರ್ಧ ಮಾತ್ರ ನಿಜ. ಇಬ್ಬರೂ ಗ್ಲೌಸ್ ಬಿಸಾಡಿ, ಎದುರುಬದುರು ನಿಂತು, ಒಪ್ಪಿ ಗುದ್ದಾಡಿದರೂ ತಲಾ 5 ನಿಮಿಷ ಹೊರಗೆ. ಒಬ್ಬನೇ ಮೈಮೇಲೆ ಬಿದ್ದು ಜಗಳ ತೆಗೆದ ಅಂತ ರೆಫ್ರಿಗೆ ಅನಿಸಿದರೆ ಅವನಿಗೆ ಅದರ ಮೇಲೆ 2 ನಿಮಿಷ, ಇನ್ನೂ 10 ನಿಮಿಷ. ಬೆಲೆ ಚೀಟಿ ಅಂಟಿಸಿಯೇ ಇಟ್ಟಿದ್ದಾರೆ. ಸ್ಟಿಕ್ ಎತ್ತಿದರೆ ಆ ಚೀಟಿಯೇ ಬೇರೆ. 2011ರಲ್ಲಿ ಎನ್‌ಎಚ್‌ಎಲ್ ಆಟಗಾರರ ಸುರಕ್ಷತೆಗೆ ಅಂತ ಪ್ರತ್ಯೇಕ ವಿಭಾಗವನ್ನೇ ಮಾಡಿತು. ಪ್ರತಿ ನಿಷೇಧಕ್ಕೂ ವಿಡಿಯೋ ಹಾಕಿ, ಯಾಕೆ ಅಂತ ಬಿಡಿಸಿ ಹೇಳ್ತಾರೆ. 2017ರಲ್ಲಿ ಅದರ ಮುಖ್ಯಸ್ಥನಾಗಿ ಬಂದ ಜಾರ್ಜ್ ಪ್ಯಾರೊಸ್ ಆಡುವ ಕಾಲದಲ್ಲಿ ಗುದ್ದಾಟಕ್ಕೇ ಹೆಸರಾಗಿದ್ದವನು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು.

ಇನ್ನು ಗ್ರೆಗ್‌ಗೆ ಯಾಕೆ ಶಿಕ್ಷೆ ಇಲ್ಲ? ಅವನು ಏನು ತಪ್ಪು ಮಾಡಿದ ಅಂತ ಶಿಕ್ಷೆ? ಖಾಲಿ ಗೋಲಿಗೆ ಜೋರಾಗಿ ಹೊಡೆಯಬಾರದು ಅಂತ ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಜೊತೆ ನನಗೆ ಒಪ್ಪಿಗೆ ಇಲ್ಲದ್ದು ಇಲ್ಲೇ. ನನಗೆ ಕುಣಿತ ಇಷ್ಟ. ಕಬಡ್ಡಿಯಲ್ಲಿ ರೈಡರ್ ತೊಡೆ ತಟ್ಟದಿದ್ದರೆ ದುಡ್ಡು ಕೊಟ್ಟು ಯಾಕೆ ನೋಡಬೇಕು? ನಮ್ಮ ಕಡೆ ಜಾತ್ರೆ ಕುಸ್ತಿಯಲ್ಲಿ ಪೈಲ್ವಾನ್ ಶಡ್ಡು ಹೊಡೆದರೆ ಜನ ಎದ್ದು ನಿಲ್ತಾರೆ, ಎದುರಿನವನು ಕಲ್ಲು ತಗೊಂಡು ಬರ್ತಾನಾ? 1993ರಲ್ಲಿ ಐಸ್ ಹಾಕಿಯ ಟೀಮು ಸೆಲಾನೆ ಅನ್ನುವ ಆಟಗಾರ, ಹೊಸ ಆಟಗಾರರ ಗೋಲು ದಾಖಲೆ ಮುರಿದಾಗ ಗ್ಲೌಸನ್ನು ಮೇಲಕ್ಕೆ ಎಸೆದು, ಸ್ಟಿಕ್ಕನ್ನೇ ಬಂದೂಕು ಮಾಡಿ ಅದಕ್ಕೆ ಗುಂಡು ಹೊಡೆದ. ಅದನ್ನು ಇವತ್ತಿಗೂ ಜನ ಪ್ರೀತಿಯಿಂದ ತೋರಿಸ್ತಾರೆ. ಗ್ರೆಗ್ ಮಾಡಿದ್ದು ಸೊಗಸಾಗಿತ್ತು ಅಂತ ಹೇಳ್ತಿಲ್ಲ, ಸ್ವಲ್ಪ ಚಿಲ್ಲರೆ ಬುದ್ಧಿಯೇ. ಚಿಲ್ಲರೆ ಬುದ್ಧಿಗೆ ನಿಷೇಧ ಹಾಕುತ್ತಾ ಹೋದರೆ ನಮ್ಮ ಲೀಗ್‌ಗಳಲ್ಲಿ ಹನ್ನೊಂದು ಜನ ಸಿಗಲ್ಲ.

ಕುಣಿದವನನ್ನು ಹೊಡೆದ ಕಥೆಗಳು ಅಲ್ಲಿ ಬೇಕಾದಷ್ಟಿವೆ. 1993ರಲ್ಲೇ ಇನ್ನೊಂದು. ಪ್ಲೇಆಫ್ ಪಂದ್ಯ, ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಪಿಯೆರ್ ಟರ್ಜನ್ ಗೋಲು ಹೊಡೆದು ಕೈ ಎತ್ತಿ ಸಂಭ್ರಮಿಸುತ್ತಿದ್ದಾಗ ವಾಷಿಂಗ್ಟನ್‌ನ ಡೇಲ್ ಹಂಟರ್ ಹಿಂದಿನಿಂದ ಗುದ್ದಿದ. ಟರ್ಜನ್ ಭುಜ ಕಳಚಿತು, ಹಂಟರ್‌ಗೆ 21 ಪಂದ್ಯ ನಿಷೇಧ. ಆ ಗೋಲು ಹೇಗೆ ಬಂತು ಗೊತ್ತಾ? ಹಂಟರ್ ಕೊಟ್ಟ ಪಾಸನ್ನೇ ಟರ್ಜನ್ ಕಸಿದಿದ್ದ. ಇದನ್ನು ಮೊದಲ ಸಲ ಕೇಳಿದ ರಾತ್ರಿ ನನಗೆ ಊಟ ಸೇರಲಿಲ್ಲ. ಅಮೆರಿಕದಲ್ಲೂ ನನ್ನಂಥವನೊಬ್ಬ.

ಆದರೆ ನೀವು ಓದಲೇಬೇಕಾದ್ದು ಬೇರೆ. ನಿಮ್ಮ "ಬರುವ ಭಾನುವಾರ" ಅನ್ನುವ ಮಾತಿಗೆ ಅದೇ ಸರಿಯಾದ ಉತ್ತರ. 2004ರ ಫೆಬ್ರವರಿ 16. ಕೊಲರಾಡೊದ ಸ್ಟೀವ್ ಮೂರ್ ಅನ್ನುವ ಹುಡುಗ ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದ, ನಾಸ್ಲುಂಡ್‌ಗೆ ತಲೆಗೆ ಪೆಟ್ಟಾಯಿತು. ರೆಫ್ರಿ ಪೆನಾಲ್ಟಿ ಕೊಡಲಿಲ್ಲ. ಲೀಗ್ ನಿಷೇಧ ಹಾಕಲಿಲ್ಲ. ನೀವು ಈಗ ಹೇಳುತ್ತಿರುವ ಮಾತನ್ನೇ ಆಗ ವ್ಯಾಂಕೂವರ್ ಹೇಳಿತು: ಯಾವ ನ್ಯಾಯ? ಮೂರು ವಾರ ಅದನ್ನೇ ಮನಸ್ಸಲ್ಲಿ ಬೇಯಿಸಿದರು. ಮಾರ್ಚ್ 8ಕ್ಕೆ ಅದೇ ಎರಡು ಟೀಮು. ಮೂರ್ ಮೊದಲೇ ಒಬ್ಬನ ಜೊತೆ ಗುದ್ದಾಡಿ ಆಗಿತ್ತು. ಅಲ್ಲಿನ ಅಲಿಖಿತ ನಿಯಮದ ಪ್ರಕಾರ ಲೆಕ್ಕ ಅಲ್ಲಿಗೇ ಚುಕ್ತಾ. ಆದರೂ ವ್ಯಾಂಕೂವರ್‌ನ ಟಾಡ್ ಬರ್ಟುಝಿ ಅವನ ಹಿಂದೆ ಬಿದ್ದ, ಜರ್ಸಿ ಹಿಡಿದು ಎಳೆದ. ಮೂರ್ ತಿರುಗಲಿಲ್ಲ. ಬರ್ಟುಝಿ ಹಿಂದಿನಿಂದ ತಲೆಗೆ ಗುದ್ದಿ ಅವನ ಮೇಲೇ ಬಿದ್ದ. ಮೂರ್‌ನ ಕತ್ತಿನ ಮೂರು ಮೂಳೆ ಮುರಿದವು. 25 ವರ್ಷ ವಯಸ್ಸು. ಅವನು ಮತ್ತೆ ಎನ್‌ಎಚ್‌ಎಲ್‌ನಲ್ಲಿ ಆಡಲೇ ಇಲ್ಲ. ಬರ್ಟುಝಿಗೆ ಆ ಸೀಸನ್‌ನ ಉಳಿದ 13 ಪಂದ್ಯ ಮತ್ತು ಪ್ಲೇಆಫ್ ಹೋಯಿತು, ಮತ್ತೆ ಆಡಲು ಒಪ್ಪಿಗೆ ಸಿಕ್ಕಿದ್ದು 2005ರ ಆಗಸ್ಟ್‌ನಲ್ಲಿ. ಕೋರ್ಟಿನಲ್ಲಿ ಹಲ್ಲೆ ಮಾಡಿದ್ದು ನಿಜ ಅಂತ ಒಪ್ಪಿಕೊಂಡ, 80 ಗಂಟೆ ಸಮಾಜ ಸೇವೆ ಮಾಡಿದ. ಮೂರ್ ಹಾಕಿದ ಪರಿಹಾರದ ದಾವೆ ರಾಜಿ ಆಗಿದ್ದು 2014ರಲ್ಲಿ. ಹತ್ತು ವರ್ಷ.

ಅಂಪೈರ್ ಕಡೆ ನಾನು ಅರ್ಧ ಸೆಕೆಂಡ್ ನೋಡಿದ್ದೆ, ಅದಕ್ಕೇ ಸಮಿತಿ ನನ್ನನ್ನು ಬಿಡಲಿಲ್ಲ. ನೀವು ಇಡೀ ವಾರ ನೋಡುತ್ತಿದ್ದೀರಿ. ಬೇರೆಯವರ ಅಭಿಪ್ರಾಯ ಬೇರೆ ಕೇಳಿದ್ದೀರಿ, ಬರಹದಲ್ಲಿ. ಭಾನುವಾರ ನಿಮ್ಮ ಕೈಯಿಂದ ಏನಾದರೂ ಆದರೆ ಈ ಪ್ರಶ್ನೆಯನ್ನೇ ಪ್ರಿಂಟ್ ತೆಗೆದು ನಿಮ್ಮ ಮುಂದಿಡ್ತಾರೆ, ಸ್ಕೋರ್ ಬೋರ್ಡ್ ಕಥೆ ಹೇಳಲೂ ಆಗಲ್ಲ. ಮೊದಲು ಪ್ರಶ್ನೆ ಅಳಿಸಿ ಅಂತ ಹೇಳೋಣ ಅಂದುಕೊಂಡೆ. ಆಮೇಲೆ ಅನಿಸಿತು, ಅದೂ ಅಂಪೈರ್ ಬೆನ್ನು ನೋಡುವುದೇ. ಇರಲಿ ಬಿಡಿ.

ದೂರು ಕೊಡೋದಾ? ಕೊಡಿ ಬೇಕಾದ್ರೆ. ತೀರಾ ಅತಿ ಆದರೆ ಅಂಪೈರ್ ಹಸಿರು ಕಾರ್ಡ್ ತೋರಿಸಬಹುದು, ಅದಕ್ಕಿಂತ ಜಾಸ್ತಿ ಏನಾದರೂ ಆಗೋದು ಅಪರೂಪ. ನಿಮ್ಮ ಟೀಮಿನಲ್ಲಿ "ನಾನು ನೋಡ್ಕೊಳ್ತೀನಿ" ಅನ್ನುವ ಒಬ್ಬ ಇದ್ದೇ ಇರ್ತಾನೆ. ಅವನನ್ನು ಆ ದಿನ ಆಡಿಸಬೇಡಿ. ನೀವೇ ಅವನಾದರೆ ನೀವು ಆಡಬೇಡಿ, ಹೊಟ್ಟೆನೋವು ಅನ್ನಿ.

ನಾನು ಹೊಡೆದ ಆ ಹುಡುಗನ ವಿಷಯ ಹೇಳುವುದು ಬಿಟ್ಟೆ. ಶಿಕ್ಷೆ ಬಂದ ಎರಡು ವಾರಕ್ಕೆ ಕಾಕು ನನ್ನನ್ನು ಬೈದು ಕಳಿಸಿದಳು, ಒಂದು ಕಿಲೋ ಸೇಬು ಕೊಟ್ಟು. ಭಾಂಡುಪ್‌ನ ಒಂದು ಚಾಳ್. ಅವರು ಮಂಗಳೂರು ಕಡೆಯವರು, ಅಪ್ಪ ಕ್ಯಾಂಟೀನ್ ನಡೆಸುತ್ತಿದ್ದರು. ಅವನ ಅಮ್ಮ ಬಾಗಿಲು ತೆಗೆದು, ನಾನು ಯಾರು ಅಂತ ತಿಳಿದ ಮೇಲೆ ಏನೂ ಮಾತಾಡದೆ ಚಹಾ ಇಟ್ಟರು. ಅವರು ಸಕ್ಕರೆ ಹಾಕಿರಲಿಲ್ಲ. ಮರೆತರೋ ಬೇಕಂತಲೋ ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ. ಅವನು ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಟಿವಿ ನೋಡುತ್ತಿದ್ದ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆ ಹೇಳಿದೆ. ಅವನು ಟಿವಿಯಿಂದ ಕಣ್ಣು ತೆಗೆಯದೆ ಪೂರ್ತಿ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿ ತಿಳಿಯಬೇಕು ಅನ್ನುವವನ ಹಾಗೆ ಕೇಳಿದ:

"ಅದಿರಲಿ, ಆ ಪಾಸ್ ಯಾಕೆ ಕೊಟ್ಟೆ ಮಾರಾಯ?"

ನಿಮ್ಮ ಪ್ರಶ್ನೆಯನ್ನು ಇನ್ನೊಂದು ಸಲ ಓದಿದೆ. ಅವನು ಹೇಗೆ ಕುಣಿದ ಅಂತ ಎಂಟು ಸಾಲು ಬರೆದಿದ್ದೀರಿ. ಗೋಲು ಹೇಗೆ ಆಯ್ತು ಅಂತ ಒಂದು ಸಾಲೂ ಇಲ್ಲ. ಬಾಲ್ ಕಳೆದುಕೊಂಡವರು ಯಾರು?